ಕೂಸು ಬೇರೆ, ಕೈ ಬೇರೆ

ಆಸ್ಪತ್ರೆಯ ಆಯಮ್ಮನ ಬಲಗೈಯಲ್ಲಿ ಮೂರೇ ಬೆರಳಿದ್ದವು. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಅರಸೀಕೆರೆಯ ನಾರಿನ ಕಾರ್ಖಾನೆಯೊಂದರಲ್ಲಿ ತೆಂಗಿನ ಸಿಪ್ಪೆ ಸೀಳುವ ಯಂತ್ರ ನುಂಗಿತ್ತು. ಆ ಕೈ ಕೆನ್ನೆಗೆ ಬಿದ್ದರೆ ಐದರ ಬದಲು ಮೂರು ಬರೆ ಮೂಡುತ್ತಿದ್ದವು. ಇದು ನನಗೆ ಹೇಗೆ ಗೊತ್ತೆಂದರೆ, ಮಗಳು ಹುಟ್ಟಿದ ಮೂರು ಗಂಟೆಯೊಳಗೆ ನನ್ನ ಎಡಗೆನ್ನೆಯ ಮೇಲೇ ಅವು ಮೂಡಿದ್ದವು. ಸಂಜೆ ಕನ್ನಡಿ ನೋಡಿಕೊಂಡಾಗಲೂ ಇದ್ದವು.

ನಮ್ಮದು ಕಣಕಟ್ಟೆ ಕಡೆಯ ತೆಂಗಿನ ತೋಟದ ಮನೆ. ಅಣ್ಣನೂ ನಾನೂ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುತ್ತಿದ್ದೆವು. ನಮ್ಮ ಮನೆಯ ಗಂಡಸರಿಗೆ ಬಾಯಿಗಿಂತ ಮೊದಲು ಕೈ ಬರುತ್ತದೆ ಎಂದು ಊರಲ್ಲಿ ಮಾತಿದೆ, ಸುಳ್ಳಲ್ಲ. ದಿನ ತುಂಬಲು ಇನ್ನೂ ಬಹಳ ಇರುವಾಗಲೇ ನನ್ನ ಹೆಂಡತಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂತು. ಅರಸೀಕೆರೆಯ ನರ್ಸಿಂಗ್ ಹೋಮ್ ಒಂದರಲ್ಲಿ ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ಒಂದು ಕೇಜಿ ಮುನ್ನೂರು ಗ್ರಾಂ. ಸುಲಿದ ಎರಡು ತೆಂಗಿನಕಾಯಿಯ ತೂಕ. ಹೆಂಡತಿಗೆ ಮೂತ್ರ ಕಟ್ಟಿತು, ಅವಳನ್ನು ಹಾಸನಕ್ಕೆ ಸಾಗಿಸಿದರು. ಅವಳ ತಾಯಿ ಜೊತೆಗೆ ಹೋದರು. ಕೂಸನ್ನು ಮಾತ್ರ ಅಲುಗಾಡಿಸುವಂತಿಲ್ಲ, ದಾರಿಯಲ್ಲೇ ಉಸಿರು ನಿಲ್ಲುತ್ತದೆ ಎಂದರು ಡಾಕ್ಟರು. ಹೀಗೆ ಹೆಂಡತಿ ಹಾಸನದಲ್ಲಿ, ಮಗಳು ಅರಸೀಕೆರೆಯಲ್ಲಿ, ನಾನು ನಡುವಿನ ಬಸ್ಸಿನಲ್ಲಿ.

ಮಗಳನ್ನು ಇಟ್ಟಿದ್ದ ಕೂಸುಗಳ ಐಸಿಯುವಿನ ಬಾಗಿಲಲ್ಲಿ ಆಯಮ್ಮ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ನೆಲ ಒರೆಸುವ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂರುತ್ತಿದ್ದಳು. (ಅವಳು ಎಂದೇ ಬರೆಯುತ್ತೇನೆ. ನಮ್ಮ ಕಡೆ ಹೆತ್ತ ಅವ್ವನನ್ನೂ ಅವಳು ಎಂದೇ ಅನ್ನುವುದು.) ಮೊದಲ ದಿನ ನಾನು ಹೊರಗೆ ಎರಡು ಬೀಡಿ ಸೇದಿ, ಚಪ್ಪಲಿ ಸಮೇತ ಒಳಗೆ ನುಗ್ಗಲು ಹೋದೆ. ಅವಳು ಎದ್ದು ನನ್ನ ಬಾಯಿಯ ಹತ್ತಿರ ಮೂಗು ತಂದಳು. ಮೂಸಿದಳು. ಆಮೇಲೆ ಬಾರಿಸಿದಳು.

"ಒಳಗಿರೋ ಕೂಸಿಗೆ ಇನ್ನೂ ಎದೆಗೂಡೇ ಬಿಚ್ಕಂಡಿಲ್ಲ, ಇವ್ನು ಹೊಗೆ ತುಂಬ್ಕಂಡ್ ಬತ್ತಾನೆ. ಹೋಗ್, ಬಾಯಿ ಮುಕ್ಕಳಿಸ್ಕಂಡ್ ಬಾ."

ಜೀವಮಾನದಲ್ಲಿ ಹೊಡೆಸಿಕೊಂಡು ಸುಮ್ಮನೆ ಹೋಗಿದ್ದು ಅದೇ ಮೊದಲು. ಬಾಯಿ ಮುಕ್ಕಳಿಸಿ ಬಂದೆ. ಆಗಲೂ ಒಳಗೆ ಬಿಡಲಿಲ್ಲ. ಗಾಜಿನಾಚೆಯಿಂದ ನೋಡು ಎಂದಳು. ನೋಡಿದೆ. ಬೆಚ್ಚಗಿಡುವ ಗಾಜಿನ ಪೆಟ್ಟಿಗೆ, ಮೂಗಿಗೆ ಕೊಳವೆ, ಕಾಲಿಗೆ ಕೆಂಪು ದೀಪ, ನನ್ನ ಹೆಬ್ಬೆರಳಿನಷ್ಟು ಪಾದ. ಮಗಳು ಎಂಬ ಭಾವನೆ ಬರಲಿಲ್ಲ. ಹೆದರಿಕೆ ಬಂತು.

ಆಯಮ್ಮ ಹೊಡೆಯದವರಿಲ್ಲ. ಕುಡಿದು ಬಂದ ಒಬ್ಬ ಅಪ್ಪನನ್ನು ಅದೇ ಕೋಲಿನಿಂದ ಮೆಟ್ಟಿಲವರೆಗೆ ಅಟ್ಟಿದ್ದನ್ನು ನಾನೇ ನೋಡಿದ್ದೇನೆ. ಅಜ್ಜಿಯರು ಸೆರಗಿನಲ್ಲಿ ಬಚ್ಚಿಟ್ಟು ತರುತ್ತಿದ್ದ ಹರಳೆಣ್ಣೆ, ಬಜೆ, ಜೇನುತುಪ್ಪ, ವಿಭೂತಿ ಎಲ್ಲವನ್ನೂ ಕಿತ್ತು ಒಂದು ನೀಲಿ ಬಕೆಟ್ಟಿಗೆ ಹಾಕುತ್ತಿದ್ದಳು. ನಮ್ಮ ಅವ್ವನ ವಿಭೂತಿ ಪೊಟ್ಟಣವೂ ಅದರೊಳಗೆ ಹೋಯಿತು. "ಈ ಬೂದಿ ಮೂಗ್ನಾಗ್ ಹೋದ್ರೆ ಶಿವನೇ ಬಂದು ತೆಗೀತಾನಾ?" ಎಂದು ಕೇಳಿದ್ದಕ್ಕೆ ಅವ್ವ ಎರಡು ದಿನ ಊಟ ಬಿಟ್ಟಳು.

ಕೂಸುಗಳನ್ನೂ ಬಯ್ಯುತ್ತಿದ್ದಳು. ತಿಂಗಳು ತುಂಬದೆ ಬಂದ ಕೂಸುಗಳು ಉಸಿರಾಡುವುದನ್ನು ಮಧ್ಯೆ ಮಧ್ಯೆ ಮರೆಯುತ್ತವಂತೆ. ಸುಮ್ಮನೆ ಮರೆತುಬಿಡುತ್ತವೆ, ನಾವು ಛತ್ರಿ ಮರೆಯುವ ಹಾಗೆ. ಆಗ ಯಂತ್ರ ಕೂಗುತ್ತದೆ, ಯಾರಾದರೂ ಹೋಗಿ ಅಂಗಾಲಿಗೆ ಬೆರಳಿನಿಂದ ಟಪ್ಪನೆ ಹೊಡೆದು ನೆನಪಿಸಬೇಕು. ನರ್ಸಮ್ಮನ ಕೈ ಬಿಡುವಿಲ್ಲದಾಗ ಆಯಮ್ಮ ಹೋಗಿ ಹೊಡೆಯುತ್ತಿದ್ದಳು. "ಉಸ್ರಾಡೇ ಸೋಮಾರಿ ಮುಂಡೇದೇ. ಹುಟ್ಟಿದ್ ವಾರಕ್ಕೇ ಸಾಕಾಗೋಯ್ತಾ ನಿಂಗೆ?" ಎಂದು ಅವಳು ಗದರುವುದು ಗಾಜಿನಾಚೆಗೂ ಕೇಳುತ್ತಿತ್ತು.

ಐದನೆಯ ದಿನ ಡಾಕ್ಟರು ಇನ್ನೊಂದು ಮಾತು ಹೇಳಿದರು. ಕೂಸನ್ನು ದಿನಕ್ಕೆ ಕೆಲವು ಗಂಟೆ ಯಾರಾದರೂ ಬರಿಯ ಎದೆಗೆ ಅವುಚಿಕೊಂಡು ಕೂರಬೇಕು, ಮೈ ಬಿಸಿಗೆ ಅದರ ಉಸಿರು ಹದಕ್ಕೆ ಬರುತ್ತದೆ ಎಂದು. ತಾಯಿಗೆ ಪ್ರಜ್ಞೆಯೇ ಇಲ್ಲ. ಅವ್ವನಿಗೆ ಮಡಿ, ಸೂತಕ, ಮಂಡಿನೋವು ಎಲ್ಲವೂ ಒಟ್ಟಿಗೆ ನೆನಪಾದವು. ಅತ್ತಿಗೆ ಬರಲೇ ಇಲ್ಲ. ನಾನು? ಗಂಡಸು ರವಿಕೆ ಬಿಚ್ಚಿದ ಹೆಂಗಸಿನಂತೆ ಆಸ್ಪತ್ರೆಯಲ್ಲಿ ಕೂರುವುದು ಎಂದರೇನು ಎಂದು ನಕ್ಕುಬಿಟ್ಟೆ. ನಕ್ಕಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆಯಮ್ಮ ನರ್ಸಮ್ಮನನ್ನು ಕೇಳಿ, ಸ್ನಾನ ಮಾಡಿ, ಆಸ್ಪತ್ರೆಯ ಒಗೆದ ಗೌನು ಹಾಕಿಕೊಂಡು ತಾನೇ ಕುಳಿತಳು. ಮೂರು ದಿನ ನನ್ನ ಮಗಳು ಆ ಹೊಡೆದಾಟದ ಹೆಂಗಸಿನ ಎದೆಯ ಮೇಲೆ ಕಪ್ಪೆಯಂತೆ ಅಂಟಿಕೊಂಡು ಮಲಗಿದಳು.

ಈಗ ತಿಂಗಳ ಲೆಕ್ಕ ಹೇಳಬೇಕು. ಆಗಬಾರದ್ದೆಲ್ಲ ಆದದ್ದು ಅದರಿಂದ. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಚೈತ್ರದಿಂದ ಆಶ್ವೀಜಕ್ಕೆ ಬೆರಳು ಮಡಚಿ ಅವ್ವ ಏಳು ಎಂದಿದ್ದಳು, ಎಲ್ಲರಿಗೂ ಧೈರ್ಯವಿತ್ತು. ಡಾಕ್ಟರು ಮೂವತ್ತೆರಡು ವಾರ ಎಂದು ಬರೆದಿದ್ದರು, ಆದರೆ ವಾರದ ಲೆಕ್ಕ ನಮ್ಮ ಮನೆಯಲ್ಲಿ ಯಾರಿಗೆ ಬೇಕಿತ್ತು? ಎಂಟನೆಯ ದಿನ ಅಣ್ಣ, ಕೂಸಿಗೆ ಲಿಂಗ ಕಟ್ಟಲು ದಿನ ಕೇಳೋಣವೆಂದು ಮನೆಯ ಅಯ್ಯನವರ ಹತ್ತಿರ ಹೋದ. ಅವರು ಪಂಚಾಂಗ ತೆಗೆದು ಎಣಿಸಿದರು. ಆ ವರ್ಷ ಎರಡು ಶ್ರಾವಣ ಬಂದಿದ್ದವು. ಅಧಿಕ ಮಾಸವನ್ನು ಅವ್ವ ಬಿಟ್ಟಿದ್ದಳು. ಸೇರಿಸಿದರೆ ಎಂಟು.

ಅಷ್ಟೇ. ಮನೆಯವರೆಲ್ಲ ಆ ಕ್ಷಣದಿಂದ ಕೂಸನ್ನು ಸತ್ತವರ ಪಟ್ಟಿಗೆ ಸೇರಿಸಿದರು.

"ಆ ಗಾಜಿನ ಪೆಟ್ಗೇಲಿ ಸೂಜಿ ಚುಚ್ಚುಸ್ಕಂಡು ಸಾಯೋ ಬದ್ಲು ಮನೇಗ್ ತನ್ನಿ" ಎಂದು ಅವ್ವ ಅತ್ತಳು. "ಲಿಂಗ ಇಲ್ದೆ ಹೋಗ್ಬಾರ್ದು ಕಣಪ್ಪ. ಕಟ್ಟಿಸ್ತೀನಿ, ನನ್ ಮಡ್ಲಾಗೇ ಹೋಗ್ಲಿ." ಅವ್ವ ಕೆಟ್ಟವಳಲ್ಲ. ಅವಳ ಅಳು ನಾಟಕವೂ ಅಲ್ಲ. ಕಾರು ಹತ್ತುವಾಗ ಅಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟು, "ತೋಟದಾಗೆ ಜಾಗ ತೋಡ್ಸಿ ಬಂದೀನಿ, ನೀನ್ ಯೋಚ್ನೆ ಮಾಡ್ಬ್ಯಾಡ" ಎಂದ. ಉಸಿರಾಡುತ್ತಿರುವ ಕೂಸಿಗೆ ಗುಂಡಿ. ನಾನು ತಲೆಯಾಡಿಸಿದೆ. ಎಂಟು ದಿನದಿಂದ ನಿದ್ದೆಯಿಲ್ಲ, ಹೆಂಡತಿ ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲ. ತೀರ್ಮಾನವನ್ನು ಬೇರೆ ಯಾರಾದರೂ ಮಾಡಿದರೆ ಸಾಕಾಗಿತ್ತು. ಇದು ಕಾರಣ, ನೆಪವಲ್ಲ ಎಂದು ಬಹಳ ದಿನ ಹೇಳಿಕೊಂಡೆ. ನೆಪವೇ.

ಹೋದಾಗ ಮಧ್ಯಾಹ್ನ. ಡಾಕ್ಟರು ಊಟಕ್ಕೆ ಹೋಗಿದ್ದರು. ಒಳಗೆ ನರ್ಸಮ್ಮ ಒಬ್ಬಳೇ. ಅವ್ವ ಕಾರಿನಲ್ಲಿ ಕುಳಿತಳು, ಅಣ್ಣನೂ ನಾನೂ ಮೇಲೆ ಹತ್ತಿದೆವು. ಆಯಮ್ಮ ಸ್ಟೂಲಿನ ಮೇಲಿದ್ದಳು.

"ದಾರಿ ಬಿಡು. ಕೂಸ್ನ ಮನೇಗ್ ಕರ್ಕಂಡೋಗ್ತೀವಿ" ಎಂದ ಅಣ್ಣ.

"ಡಾಕ್ಟ್ರು ಬರ್ಲಿ."

"ಎಂಟರ ಕೂಸು ಅದು. ಡಾಕ್ಟ್ರು ಬಂದ್ರೂ ಉಳಿಯಾಕಿಲ್ಲ."

"ನೆನ್ನೆ ತಂಕ ಏಳಾಗಿತ್ತಲ್ಲ?"

"ಅಧಿಕ ಮಾಸ ಬಂದಿತ್ತು. ಅಯ್ಯನೋರು ಎಣ್ಸಿದ್ರು."

ಆಯಮ್ಮ ಕೋಲು ಊರಿ ನಿಧಾನವಾಗಿ ಎದ್ದಳು. "ಅಧಿಕ ಮಾಸದಾಗೆ ಮದ್ವೆ ಮಾಡಾಕಿಲ್ಲ, ಹೊಸ ಮನೆ ಹೊಗಾಕಿಲ್ಲ, ಲೆಕ್ಕಕ್ಕಿಲ್ಲದ ತಿಂಗ್ಳು ಅಂತೀರಿ. ಈ ಕೂಸಿಗ್ ಮಾತ್ರ ಲೆಕ್ಕಕ್ ಬಂತಾ? ಗಂಡಾಗಿದ್ರೆ ಅದ್ನ ಬಿಟ್ಟೇ ಎಣಿಸ್ತಿದ್ರಿ ಕಣ್ರೋ."

ಮಾತಿನಲ್ಲಿ ಸೋತಾಗ ನಮ್ಮ ಮನೆಯವರು ಏನು ಮಾಡುತ್ತಾರೋ ಅದನ್ನೇ ಅಣ್ಣ ಮಾಡಿದ. ಅವಳ ತುರುಬಿಗೆ ಕೈ ಹಾಕಿ ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಸ್ಟೂಲು ಉರುಳಿತು. ಒಳಗಿಂದ ನರ್ಸಮ್ಮ ಕಿರುಚಿಕೊಂಡು, ಜನ ಕರೆಯಲು ಕೆಳಗೆ ಓಡಿದಳು. ಆಯಮ್ಮನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಬಾಗಿಲ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು ತಿರುಗಿಸುವ ಕಬ್ಬಿಣದ ಸ್ಪ್ಯಾನರು ನೇತಾಡುತ್ತಿತ್ತು. ಅದನ್ನು ಕಿತ್ತು ಅಣ್ಣನ ಮುಖಕ್ಕೆ ಬೀಸಿದಳು. ಎರಡು ಹಲ್ಲು ನೆಲದ ಮೇಲೆ ಬಿದ್ದ ಸದ್ದು ನನಗೆ ಕೇಳಿಸಿತು. ಅಣ್ಣ ಬಾಯಿ ಹಿಡಿದು ಕುಸಿದ.

ಅಣ್ಣನ ರಕ್ತ ಕಂಡೊಡನೆ ನನಗೆ ಮಗಳು ಮರೆತುಹೋದಳು. ಹೆಂಡತಿ ಮರೆತುಹೋದಳು. ಆಯಮ್ಮನ ಎಡಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದೆ. ಅವಳು ನನ್ನ ಪಾದ ತುಳಿದಳು, ಮುಂಗೈ ಕಚ್ಚಿದಳು. ಇನ್ನೂ ತಿರುಚಿದೆ. ಒಣಗಿದ ತೆಂಗಿನ ಗರಿಯ ದಿಂಡು ಮುರಿದಂಥ ಸದ್ದು. ಅವಳು ಕೂಗಲಿಲ್ಲ. ನನ್ನ ಕೈಯಲ್ಲಿದ್ದ ಅವಳ ತೋಳು ಒಮ್ಮೆಲೇ ಭಾರವಾಯಿತು. ನಿಜ ಹೇಳಬೇಕೆಂದರೆ ಆ ಒಂದು ಕ್ಷಣ ನನಗೆ ಗೆದ್ದೆ ಅನಿಸಿತು.

ಆಗ ಒಳಗೆ ಯಂತ್ರ ಕೂಗಿತು.

ಆಯಮ್ಮ ಆ ಸದ್ದಿಗೆ ನನ್ನನ್ನು ಭುಜದಿಂದ ಗುದ್ದಿ, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಎಡಗೈ ಮೊಣಕೈಯಿಂದ ಕೆಳಗೆ ತಪ್ಪು ದಿಕ್ಕಿಗೆ ತೂಗುತ್ತಿತ್ತು. ನಾನೂ ಹಿಂದೆ ಹೋದೆ. ಒಳಗಿದ್ದ ಮೂರು ಕೂಸುಗಳಲ್ಲಿ ಕೂಗುತ್ತಿದ್ದುದು ನನ್ನ ಮಗಳ ಯಂತ್ರ. ಅವಳ ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎದೆ ಅಲುಗುತ್ತಿರಲಿಲ್ಲ. ಆಯಮ್ಮ ಪೆಟ್ಟಿಗೆಯ ದುಂಡು ಕಿಂಡಿಯಿಂದ ಬಲಗೈ ತೂರಿಸಿ ಅಂಗಾಲಿಗೆ ಹೊಡೆದಳು. ಏನೂ ಇಲ್ಲ. ಮತ್ತೆ ಹೊಡೆದಳು. ಏನೂ ಇಲ್ಲ. "ಇವತ್ತು ನೀನ್ ಸತ್ರೆ ಇವ್ರ ಲೆಕ್ಕ ಸರಿ ಹೋಯ್ತದೆ ಕಣೇ. ಬಿಡ್ಬ್ಯಾಡ. ಉಸ್ರಾಡು" ಎಂದು ಹಲ್ಲು ಕಚ್ಚಿ ಹೇಳುತ್ತಾ ಬೆನ್ನು ಉಜ್ಜಿದಳು, ಇನ್ನೊಮ್ಮೆ ಅಂಗಾಲಿಗೆ ಜೋರಾಗಿ ಬಾರಿಸಿದಳು. ಮಗಳ ಮೈ ಒಮ್ಮೆ ಎಗರಿತು. ಬಾಯಿ ತೆರೆಯಿತು. ಬೆಕ್ಕಿನ ಮರಿಯಷ್ಟು ಸಣ್ಣ ಅಳು ಬಂತು.

ಆಯಮ್ಮ ಪೆಟ್ಟಿಗೆಗೆ ಒರಗಿ ಹಾಗೇ ನೆಲಕ್ಕೆ ಜಾರಿದಳು.

ಆ ಹೊತ್ತಿಗೆ ಸರಿಯಾಗಿ ನಾವು ಮಗಳನ್ನು ಕಾರಿಗೆ ಹಾಕಿಕೊಂಡಿದ್ದರೆ, ಕಣಕಟ್ಟೆ ದಾರಿಯಲ್ಲಿ ಎಲ್ಲೋ ಅವ್ವನ ಮಡಿಲಲ್ಲಿ ಆ ಉಸಿರು ನಿಲ್ಲುತ್ತಿತ್ತು. ನಮಗೆ ಯಾರಿಗೂ ಅಂಗಾಲಿಗೆ ಹೊಡೆಯುವುದು ಗೊತ್ತಿರಲಿಲ್ಲ. ಎಂಟರ ಕೂಸು, ನೋಡಿದಿರಾ ಎಂದು ಎದೆ ಬಡಿದುಕೊಂಡು ಅಳುತ್ತಿದ್ದೆವು. ಅಯ್ಯನವರ ಲೆಕ್ಕ ಎಷ್ಟು ಸರಿಯಾಗಿತ್ತು ಎಂದು ವರ್ಷಗಟ್ಟಲೆ ಹೇಳುತ್ತಿದ್ದೆವು.

ಡಾಕ್ಟರು ಓಡಿ ಬಂದರು. ಜನ ಸೇರಿದರು, ಪೊಲೀಸರೂ ಬಂದರು. ಅಣ್ಣನನ್ನು ಹೊಲಿಗೆ ಹಾಕಿಸಲು ಬೇರೆ ಕಡೆ ಕರೆದುಕೊಂಡು ಹೋದರು. ಕೈ ಮುರಿದವರು ಯಾರು ಎಂದು ಪೊಲೀಸಿನವರು ಕೇಳಿದಾಗ ಆಯಮ್ಮ ಮರದ ಪಟ್ಟಿ ಕಟ್ಟಿಸಿಕೊಳ್ಳುತ್ತಾ ನನ್ನ ಕಡೆ ಗಲ್ಲ ತೋರಿಸಿದಳು. ಆಮೇಲೆ ನನಗೆ ಹೇಳಿದಳು:

"ಕೇಸು ಆಮ್ಯಾಕೆ. ಮೊದ್ಲು ಅಂಗಿ ಬಿಚ್ಚು."

ನನಗೆ ಅರ್ಥವಾಗಲಿಲ್ಲ.

"ನಾಕು ಗಂಟೆಗೆ ಕೂಸ್ನ ಎದೆಗ್ ಹಾಕ್ಕಬೇಕು. ನನ್ ಕೈ ಮುರ್ದಿದ್ದೀಯ. ನನ್ ಕೆಲ್ಸ ಯಾರ್ ಮಾಡ್ತಾರೆ, ನಿಮ್ಮಪ್ಪನಾ? ಹೋಗ್, ಸೋಪ್ ಹಾಕಿ ತೊಳ್ಕಂಡ್ ಬಾ."

ಅವಳ ರಕ್ತ, ಅಣ್ಣನ ರಕ್ತ, ಅವಳು ಕಚ್ಚಿದ ಗಾಯದ ನನ್ನದೇ ರಕ್ತ, ಎಲ್ಲವನ್ನೂ ತೊಳೆದುಕೊಂಡು ಬಂದು ಬರಿ ಮೈಯಲ್ಲಿ ಕುಳಿತೆ. ಕೈಯ ಗಾಯ ಕೂಸಿಗೆ ತಾಗಬಾರದು ಎಂದು ಡಾಕ್ಟರು ಬ್ಯಾಂಡೇಜು ಸುತ್ತಿ ಮೇಲೆ ಕೈಗವಸು ತೊಡಿಸಿದರು. ನರ್ಸಮ್ಮ ಮಗಳನ್ನು ತಂದು ನನ್ನ ಎದೆಯ ಮೇಲೆ ಇಟ್ಟು ಬಟ್ಟೆ ಸುತ್ತಿದಳು. ಕೂಸಿನ ಎದೆ ಹಕ್ಕಿಯ ಎದೆಯಂತೆ ಬಡಿಯುತ್ತಿತ್ತು. ಅರ್ಧ ಗಂಟೆಯ ಮೇಲೆ ಅವಳ ಉಸಿರು ನನ್ನ ಉಸಿರಿನ ಜೊತೆ ಏರಿಳಿಯತೊಡಗಿತು. ನಾನು ಅತ್ತೆ. ಅಲ್ಲಿ ಕುಳಿತಿದ್ದ ಆಯಮ್ಮ, "ಅಳ್ಬ್ಯಾಡ, ಕೂಸು ಅಲ್ಲಾಡ್ತದೆ" ಎಂದಳು.

ಹದಿನೆಂಟು ದಿನ ಕೂತೆ. ಆಸ್ಪತ್ರೆಯವರು ರಜೆ ಹಾಕು ಎಂದರೂ ಆಯಮ್ಮ ಬಂದು ಕೈ ಕುತ್ತಿಗೆಗೆ ನೇತುಹಾಕಿಕೊಂಡು ನನ್ನೆದುರೇ ಕೂರುತ್ತಿದ್ದಳು. ನಾನು ತೂಕಡಿಸಿದರೆ ಪ್ಲಾಸ್ಟರ್ ಹಾಕಿದ ಕೈಯಿಂದಲೇ ನನ್ನ ಮಂಡಿಗೆ ಕುಟ್ಟುತ್ತಿದ್ದಳು, ನೋವಾಗುತ್ತಿದ್ದುದು ಇಬ್ಬರಿಗೂ. "ಬಡಿಯಾಕ್ ಬಂದೋನ್ಗೆ ಹಿಡಿಯಾಕೂ ಬರ್ಬೇಕು" ಎನ್ನುತ್ತಿದ್ದಳು. ತನ್ನ ಕಥೆಯನ್ನೂ ತುಂಡು ತುಂಡಾಗಿ ಹೇಳಿದಳು. ಹುಟ್ಟಿದ್ದು ಹಗರೆಯಲ್ಲಿ, ಗಂಡ ಬೇಗ ಹೋದ, ನಾಲ್ಕು ಗಂಡುಮಕ್ಕಳು. "ನಾಕನ್ನೂ ಹೊಡ್ದು ಹೊಡ್ದೇ ಬೆಳೆಸ್ದೆ. ಒಂದೂ ಮಾತಾಡ್ಸಾಕಿಲ್ಲ ಈಗ. ಬದುಕವೆ, ಅಷ್ಟೇ ಸಾಕು." ಅದನ್ನು ಹೆಮ್ಮೆಯಿಂದ ಹೇಳಿದಳೋ ಸಂಕಟದಿಂದಲೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಹೆಂಡತಿ ಚೇತರಿಸಿಕೊಂಡು ಹಾಸನದಿಂದ ಬಂದಳು. ಮಗಳು ತೂಕ ಕಟ್ಟಿದಳು, ಕೊಳವೆ ಹೋಯಿತು, ಎದೆಹಾಲು ಚೀಪಲು ಕಲಿತಳು. ಮನೆಗೆ ಹೊರಡುವ ದಿನ ಆಯಮ್ಮ ಗೇಟಿನವರೆಗೆ ಬಂದು ಕೂಸಿನ ಟೋಪಿ ಸರಿ ಮಾಡಿದಳು. ನಾನು ಅವಳ ಕಾಲಿಗೆ ಬಗ್ಗಲು ಹೋದೆ. ಅವಳು ಹಿಂದೆ ಸರಿದು ಸೆರಗು ಬಿಗಿದುಕೊಂಡಳು.

"ನಾನೀಗ ಸ್ಟೇಷನ್ನಿಗೆ ಹೊಂಟೀನಿ, ಕಂಪ್ಲೇಂಟ್ ಕೊಡಾಕೆ. ಕೂಸು ಬೇರೆ, ಕೈ ಬೇರೆ."

ಹೋದಳು, ಕೊಟ್ಟಳು. ಕೋರ್ಟಿನಲ್ಲಿ ನಾನು ತಪ್ಪೊಪ್ಪಿಕೊಂಡೆ. ಮೊದಲು ಕೈ ಮಾಡಿದ್ದು ಅಣ್ಣ ಎಂಬುದನ್ನೂ ಹೇಳಿದೆ. ನನ್ನಿಂದ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅಣ್ಣನ ಹಲ್ಲಿನ ವಿಷಯ ಕೇಳಿದಾಗ ಆಯಮ್ಮ, "ಹೌದು ಸ್ವಾಮಿ, ನಾನೇ ಉದುರ್ಸಿದ್ದು. ಇನ್ನೂ ಉದುರ್ತಿದ್ವು, ಕೈ ಮುರ್ದೋಯ್ತು" ಎಂದಳು. ಅಣ್ಣ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ. ನಾನು ಅರಸೀಕೆರೆಯಲ್ಲಿ ಬೇರೆ ಮನೆ ಮಾಡಿದೆ. ಅವ್ವ ಮಾತ್ರ ತಿಂಗಳಿಗೊಮ್ಮೆ ಬಂದು ಮೊಮ್ಮಗಳ ಕೊರಳಿನ ಲಿಂಗ ಮುಟ್ಟಿ ನೋಡಿ ಹೋಗುತ್ತಾಳೆ.

ರೋಗಿಯ ಕಡೆಯವರನ್ನು ಹೊಡೆದಳೆಂದು ನರ್ಸಿಂಗ್ ಹೋಮಿನವರು ಆಯಮ್ಮನನ್ನು ಕೆಲಸ ಬಿಡಿಸಿದರು. ಅವಳು ಹಗರೆಗೆ, ತಂಗಿಯ ಮನೆಗೆ ಹೋದಳು. ಎರಡು ಹಸು ಕಟ್ಟಿದಳು. ಎಡಗೈ ಸೊಟ್ಟಗೆ ಕೂಡಿಕೊಂಡಿತ್ತು, ಮುಷ್ಟಿ ಬಿಗಿಯಾಗುತ್ತಿರಲಿಲ್ಲ. ಒಂದೇ ಕೈಯಲ್ಲಿ, ಅದೂ ಮೂರು ಬೆರಳಿನಲ್ಲಿ ಹಾಲು ಕರೆಯುತ್ತಿದ್ದಳು. ತಿಂಗಳಿಗೊಂದು ಭಾನುವಾರ ನಾನು ಮಗಳನ್ನು ಕರೆದುಕೊಂಡು ಹಳೇಬೀಡಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹಗರೆಗೆ ಹೋಗುತ್ತಿದ್ದೆ. ಅವಳು ಬಾ ಎಂದೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೊರೆಹಾಲು ಕುಡಿಸುತ್ತಿದ್ದಳು. ನನಗೆ ಸಗಣಿ ಬಾಚಲು ಹೇಳುತ್ತಿದ್ದಳು. ಒಂದು ಸಲ ಧೈರ್ಯ ಮಾಡಿ, ನನ್ನನ್ನು ಕ್ಷಮಿಸಿದೆಯಾ ಎಂದು ಕೇಳಿದೆ.

"ನನ್ನ ಯಾಕ್ ಕೇಳ್ತೀಯ, ಕೈನ ಕೇಳು" ಎಂದಳು. "ಚಳಿಗಾಲ್ದಾಗ್ ಬಂದ್ ಕೇಳು. ಆವಾಗ ಜಾಸ್ತಿ ಮಾತಾಡ್ತದೆ."

ಕಳೆದ ಮಾಘದಲ್ಲಿ ಆಯಮ್ಮ ಹೊಸದಾಗಿ ಕರು ಹಾಕಿದ ಹಸುವನ್ನು ಕಟ್ಟಲು ಹೋದಾಗ ಅದು ಎಳೆದು, ತಿರುಗಿ ಎದೆಗೆ ಒದೆಯಿತು. ಮೂರನೆಯ ದಿನ ತೀರಿಹೋದಳು. ಎರಡೂ ಕೈ ನೆಟ್ಟಗಿದ್ದಿದ್ದರೆ ಹಗ್ಗ ಬಿಗಿಯಾಗಿ ಹಿಡಿಯುತ್ತಿದ್ದಳು. ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ.

ಅವಳ ತಂಗಿ ಫೋನು ಮಾಡಿದ್ದರಿಂದ ಮಗಳನ್ನು ಎತ್ತಿಕೊಂಡು ಹೋದೆ. ಅಂಗಳದಲ್ಲಿ ನಾಲ್ವರು ಗಂಡಸರಿದ್ದರು. ಮಾತಾಡಿಸದ ಮಕ್ಕಳೆಲ್ಲ ಬಂದಿದ್ದರು, ಎಲ್ಲರ ಕಣ್ಣೂ ಊದಿದ್ದವು. ನಾನು ಮಗಳನ್ನು ಕೆಳಗಿಳಿಸಿ ಚಪ್ಪಲಿ ಬಿಟ್ಟೆ. ಹಿರಿಯವನು ಮುಂದೆ ಬಂದ.

"ಯಾರು ನೀವು? ನಮ್ಮವ್ವಂಗೆ ಏನಾಗ್ಬೇಕು?"

ಗುರುತಿನವನು ಎನ್ನಬಹುದಿತ್ತು. ಆಸ್ಪತ್ರೆಯಲ್ಲಿ ಉಪಕಾರ ಪಡೆದವನು ಎಂದರೂ ಸುಳ್ಳಾಗುತ್ತಿರಲಿಲ್ಲ.

"ಅವರ ಕೈ ಮುರಿದವನು ನಾನೇ" ಎಂದೆ.

ಅವನು ಹೊಡೆದ. ನಾನು ಕೊಟ್ಟಿಗೆಯ ಕಲ್ಲಿಗೆ ತಾಗಿ ಬಿದ್ದೆ. ಕೊರಳಪಟ್ಟಿ ಹಿಡಿದು ಎತ್ತಿ ಮತ್ತೆ ಹೊಡೆದ. ತುಟಿ ಒಡೆಯಿತು. ಕೈ ಎತ್ತಬಾರದು ಎಂದು ನಾನೇನೂ ವ್ರತ ಮಾಡಿರಲಿಲ್ಲ. ಕೈ ಏಳಲೇ ಇಲ್ಲ. ಮೂರನೆಯ ಏಟಿಗೆ ಅವನು ತೋಳೆತ್ತಿದಾಗ ಮಗಳು ಓಡಿ ಬಂದು ಅವನ ಕಾಲಿಗೆ ಎರಡೂ ಮುಷ್ಟಿಯಿಂದ ಗುದ್ದತೊಡಗಿದಳು. "ನಮ್ಮಪ್ಪನ್ನ ಬಿಡೋ! ಬಿಡೋ!" ಅವನು ಬಗ್ಗಿ ನೋಡಿದ.

"ಯಾರ್ದಿದು?"

"ನಿಮ್ಮವ್ವ ಉಸಿರು ಬರಿಸಿದ ಕೂಸು" ಎಂದೆ.

ಅವನು ಎತ್ತಿದ್ದ ತೋಳನ್ನು ಇಳಿಸಿದ. ಬಗ್ಗಿ ಅವಳನ್ನು ಎತ್ತಿಕೊಂಡ. ಅವಳು ಅವನ ಭುಜಕ್ಕೂ ಗುದ್ದಿದಳು.

"ಕೂಸು ಒಳಗ್ ಬಂದು ನೋಡ್ಲಿ" ಎಂದ. "ನೀನ್ ಇಲ್ಲೇ ಇರು."

ಅವಳನ್ನು ಒಳಗೆ ಕರೆದುಕೊಂಡು ಹೋದ. ನಾನು ಅಂಗಳದಲ್ಲೇ, ಬಿಸಿಲಲ್ಲಿ ನಿಂತೆ. ಒಳಗೆ ಮಗಳು ಅಜ್ಜೀ ಅಜ್ಜೀ ಎಂದು ಎರಡು ಸಲ ಕೂಗಿದಳು, ಆಮೇಲೆ ಅಳತೊಡಗಿದಳು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿ ನೋಡುವಷ್ಟು ಜೋರಾಗಿ, ಎದೆ ತುಂಬ ಉಸಿರು ಎಳೆದುಕೊಂಡು ಅತ್ತಳು. ನಾನು ಹೊರಗೇ ನಿಂತು ಕೇಳಿದೆ.